ಗ್ರಾಹಕರ ಆದೇಶದ ಮೇರೆಗೆ ತಯಾರಿಕೆ: ನಿರ್ಣಾಯಕ ಸಾಮಗ್ರಿಗಳ ಮುಂಗಡ ಯೋಜನೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಸಂಗತಿಯನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಜನ ಹಿನ್ನೀರಿನ ದಡದಲ್ಲೇ ಬದುಕುವವರು. 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಗಿಲಿನ ಜಾಗಕ್ಕೆ ಇಳಿಸಲು ತಡೆಗೇಟು ಸಿದ್ಧವಿರಲಿಲ್ಲ. ಪರಿಣತರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸಪೇಟೆಯ ಕಾರ್ಖಾನೆಗಳಲ್ಲಿಯೂ ತೋರಣಗಲ್ಲಿನ ಜಿಂದಾಲ್ ಆವರಣದಲ್ಲಿಯೂ ತುಂಡುತುಂಡಾಗಿ ತಡೆಗೇಟನ್ನು ತಯಾರಿಸಿ, ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ಇಳಿಸಲಾಯಿತು.

ಈ ಸಾಹಸವನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡತಕ್ಕದ್ದೇ. ಆದರೆ ಉದ್ದಿಮೆದಾರರ ಕಣ್ಣಿನಿಂದ ನೋಡಿದಾಗ ಇನ್ನೊಂದು ಅಂಶ ಎದ್ದು ಕಾಣುತ್ತದೆ. ಅಷ್ಟು ಬೇಗ ಕೆಲಸ ಮುಗಿಯಲು ಕೌಶಲದಷ್ಟೇ ಮುಖ್ಯವಾದ ಕಾರಣ, ಬೇಕಾದ ಉಕ್ಕಿನ ಪ್ಲೇಟು ಸಮೀಪದಲ್ಲೇ ದೊರೆತದ್ದು. ಅದೇ ಪ್ಲೇಟಿಗೆ ಎರಡು ತಿಂಗಳು ಕಾಯಬೇಕಾಗಿದ್ದರೆ ಎಷ್ಟು ನುರಿತ ವೆಲ್ಡರುಗಳಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಇಡೀ ಕೆಲಸದ ಗಡುವನ್ನು ಹೀಗೆ ತನ್ನ ಕೈಯಲ್ಲಿ ಹಿಡಿದಿರುವ ಸಾಮಗ್ರಿಯನ್ನೇ ನಿರ್ಣಾಯಕ ಸಾಮಗ್ರಿ ಎನ್ನುವುದು. ಬೆಲೆ ಹೆಚ್ಚೆಂಬ ಕಾರಣಕ್ಕೆ ಯಾವುದೂ ನಿರ್ಣಾಯಕವಾಗುವುದಿಲ್ಲ. ಬರಲು ತಡವಾಗುವುದೂ, ಬದಲಿ ಸಿಗದಿರುವುದೂ ಅದರ ಲಕ್ಷಣ.

ನಮ್ಮ ಐದು ತಾಲ್ಲೂಕುಗಳಲ್ಲಿ ಗ್ರಾಹಕರೊಬ್ಬರಿಗಾಗಿಯೇ ತಯಾರಾಗುವ ವಸ್ತುಗಳು ಕಡಿಮೆಯೇನಲ್ಲ. ಶೇಂಗಾ ಸುಲಿಯುವ ಘಟಕ, ಮೆಕ್ಕೆಜೋಳದ ಎಲಿವೇಟರ್, ಟ್ರ್ಯಾಕ್ಟರ್ ಟ್ರೇಲರ್, ಗಣಿಗಳಿಗೆ ಬೇಕಾದ ಕನ್ವೇಯರ್ ಚೌಕಟ್ಟು ಇವೆಲ್ಲ ಅಳತೆ ಕೊಟ್ಟ ಮೇಲೆಯೇ ಆರಂಭವಾಗುವ ಕೆಲಸಗಳು. ಕೂಡ್ಲಿಗಿಯ ವ್ಯಾಪಾರಿಗೆ ಶೇಂಗಾ ಘಟಕವು ಸುಗ್ಗಿಗೆ ಮೊದಲು ಬಂದರೆ ಸಂಪಾದನೆ. ಸುಗ್ಗಿ ಕಳೆದು ಬಂದರೆ ಮುಂದಿನ ವರ್ಷದವರೆಗೆ ಬಡ್ಡಿ ಕಟ್ಟುವ ಕಬ್ಬಿಣ.

ಒಂದು ಲೆಕ್ಕವನ್ನು ಗಮನಿಸೋಣ. ಇದು ಕೇವಲ ಉದಾಹರಣೆ. ಹರಪನಹಳ್ಳಿಯ ಗ್ರಾಹಕರೊಬ್ಬರಿಗೆ 90 ದಿನಗಳಲ್ಲಿ ಘಟಕ ಒಪ್ಪಿಸಬೇಕು. ನಕ್ಷೆ ತಯಾರಾಗಿ ಒಪ್ಪಿಗೆಯಾಗಲು 25 ದಿನ, ಹೊರ ಊರಿನಿಂದ ಗೇರ್‌ಬಾಕ್ಸ್ ಬರಲು 60 ದಿನ, ಅದು ಬಂದ ಮೇಲೆ ಜೋಡಣೆ ಮತ್ತು ಪರೀಕ್ಷೆಗೆ 20 ದಿನ. ನಕ್ಷೆ ಪೂರ್ಣಗೊಂಡ ಮೇಲೆ ಗೇರ್‌ಬಾಕ್ಸಿಗೆ ಆರ್ಡರ್ ಕೊಟ್ಟರೆ ಒಟ್ಟು 105 ದಿನ. ಅಂದರೆ ಕೆಲಸ ಆರಂಭಿಸಿದ ದಿನವೇ 15 ದಿನ ತಡವಾಗಿರುತ್ತದೆ! ಆದರೆ ಗೇರ್‌ಬಾಕ್ಸಿಗೆ ಇಡೀ ನಕ್ಷೆ ಬೇಕಿಲ್ಲ. ಮೋಟಾರಿನ ಅಶ್ವಶಕ್ತಿ, ವೇಗದ ಅನುಪಾತ, ಶಾಫ್ಟಿನ ಅಳತೆ ತಿಳಿದರೆ ಸಾಕು. ಇವಿಷ್ಟನ್ನು ಮೊದಲ ವಾರದಲ್ಲೇ ಗ್ರಾಹಕರ ಸಹಿಯೊಂದಿಗೆ ಸ್ಥಿರಪಡಿಸಿ 7ನೆಯ ದಿನ ಆರ್ಡರ್ ಕೊಟ್ಟರೆ 87ನೆಯ ದಿನ ಘಟಕ ಸಿದ್ಧ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ದೊಡ್ಡ ಕಾರ್ಖಾನೆಗಳು ಬಳಸುವ ಇಆರ್‌ಪಿ ತಂತ್ರಾಂಶಗಳ ಹೃದಯಭಾಗದಲ್ಲಿ ಎಂಆರ್‌ಪಿ ಎಂಬ ಲೆಕ್ಕಾಚಾರವಿದೆ. ವ್ಯಾಪಾರಿಗಳಿಗೆ ಈ ಮೂರಕ್ಷರ ಕೇಳಿದೊಡನೆ ಪೊಟ್ಟಣದ ಮೇಲಿನ ಗರಿಷ್ಠ ಬೆಲೆ ನೆನಪಾದೀತು; ಇದು ಅದಲ್ಲ, ಸಾಮಗ್ರಿ ಅಗತ್ಯದ ಯೋಜನೆ. ಅಮೆರಿಕದ ಜೋಸೆಫ್ ಓರ್ಲಿಕಿ 1975ರಲ್ಲಿ ಇದರ ಬಗ್ಗೆ ಗ್ರಂಥವನ್ನೇ ಬರೆದರು. ತಯಾರಾಗಬೇಕಾದ ವಸ್ತುವಿನ ಬಿಡಿಭಾಗಗಳ ಪಟ್ಟಿಯನ್ನು ಬಿಡಿಸಿ, ಇರುವ ದಾಸ್ತಾನನ್ನು ಕಳೆದು, ಸರಬರಾಜು ಅವಧಿಯಷ್ಟು ಹಿಂದಕ್ಕೆ ಎಣಿಸಿ ಯಾವ ದಿನ ಏನನ್ನು ಖರೀದಿಸಬೇಕೆಂದು ಅದು ತಿಳಿಸುತ್ತದೆ. ಒಂದೇ ಮಾದರಿಯ ವಸ್ತುವನ್ನು ಸಾವಿರಗಟ್ಟಲೆ ತಯಾರಿಸುವವರಿಗೆ ಇದು ಸೊಗಸಾಗಿ ಹೊಂದುತ್ತದೆ. ಗ್ರಾಹಕರ ಆದೇಶದ ಕೆಲಸದಲ್ಲಿ ಮಾತ್ರ ತೊಡಕು: ನಕ್ಷೆಯಿಲ್ಲದೆ ಪಟ್ಟಿಯಿಲ್ಲ, ಪಟ್ಟಿಯಿಲ್ಲದೆ ಲೆಕ್ಕವಿಲ್ಲ.

ಎಸ್‌ಎಪಿಯಂತಹ ತಂತ್ರಾಂಶಗಳು ಇದಕ್ಕೆ ಮುಂಗಡ ಖರೀದಿಯ ದಾರಿಯನ್ನು ಇಟ್ಟಿವೆ. ಪಟ್ಟಿ ಸಿದ್ಧವಾಗುವ ಮುನ್ನವೇ ನಿರ್ಣಾಯಕ ವಸ್ತುವಿನ ಬೇಡಿಕೆಯನ್ನು ನೇರವಾಗಿ ಆ ಪ್ರಾಜೆಕ್ಟಿನ ಹೆಸರಿಗೆ ದಾಖಲಿಸಬಹುದು. ಮುಂದೆ ಪೂರ್ಣ ಪಟ್ಟಿ ಬಂದಾಗ ಅದೇ ವಸ್ತುವನ್ನು ಎರಡನೆಯ ಬಾರಿ ಖರೀದಿಸದಂತೆ ಮೊದಲಿನದರೊಂದಿಗೆ ಹೊಂದಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಬಂದ ವಸ್ತು ಸಾಮಾನ್ಯ ದಾಸ್ತಾನಿಗೆ ಸೇರದೆ ಪ್ರಾಜೆಕ್ಟ್ ದಾಸ್ತಾನಾಗಿ ಬೇರೆಯೇ ಉಳಿಯುತ್ತದೆ. ಬೇರೆ ಕೆಲಸಕ್ಕೆ ಅದನ್ನು ತೆಗೆಯಬೇಕಾದರೆ ವರ್ಗಾವಣೆಯ ದಾಖಲೆ ಮಾಡಲೇಬೇಕು.

ಈ ಕೊನೆಯ ಮಾತಿನ ಬೆಲೆ ನಮ್ಮ ವರ್ಕ್‌ಶಾಪುಗಳಿಗೆ ಚೆನ್ನಾಗಿ ಗೊತ್ತಿದೆ. ಒಬ್ಬರಿಗೆಂದು ತರಿಸಿದ ಮೋಟಾರನ್ನು ತುರ್ತೆಂದು ಬಂದ ಇನ್ನೊಬ್ಬರ ಕೆಲಸಕ್ಕೆ ಕೂರಿಸುವುದು, “ಇನ್ನೊಂದು ತರಿಸಿದರಾಯಿತು” ಎನ್ನುವುದು, ಆಮೇಲೆ ಮೊದಲ ಗ್ರಾಹಕರ ಫೋನನ್ನು ಎತ್ತದಿರುವುದು. ಮೋಟಾರು ಕೊಟ್ಟದ್ದು ತಪ್ಪೆಂದು ಹೇಳಲಾರೆ. ವ್ಯಾಪಾರದಲ್ಲಿ ಅಂತಹ ಪ್ರಸಂಗ ಬರುತ್ತದೆ. ಕೊಟ್ಟದ್ದು ಎಲ್ಲಿಯೂ ದಾಖಲಾಗದೆ, ಹೊಸದಕ್ಕೆ ಅಂದೇ ಆರ್ಡರ್ ಹೋಗದಿರುವುದು ತಪ್ಪು.

ಇಷ್ಟಕ್ಕಾಗಿ ಸಣ್ಣ ಉದ್ದಿಮೆದಾರರು ದೊಡ್ಡ ತಂತ್ರಾಂಶ ಕೊಳ್ಳಬೇಕೆಂದು ನನ್ನ ಸಲಹೆಯಲ್ಲ. ನಮ್ಮಲ್ಲಿ ಅನೇಕರ ಅಂಗಡಿಯಲ್ಲಿರುವ ಟ್ಯಾಲಿಯಲ್ಲೇ ಪ್ರತಿ ಆದೇಶಕ್ಕೊಂದು ಗೋಡೌನ್ ಹೆಸರನ್ನು ಸೃಷ್ಟಿಸಿ, ಆ ಕೆಲಸದ ಗೇರ್‌ಬಾಕ್ಸ್, ಮೋಟಾರು, ಬೇರಿಂಗುಗಳನ್ನು ಅಲ್ಲಿಗೇ ಜಮಾ ಮಾಡಬಹುದು. ಖರೀದಿ ಆರ್ಡರುಗಳನ್ನು ದಾಖಲಿಸಿದರೆ ಯಾವುದು ಬಾಕಿಯಿದೆ ಎಂಬ ಪಟ್ಟಿ ತಾನಾಗಿ ದೊರೆಯುತ್ತದೆ. ಬೋಲ್ಟು, ನಟ್ಟು, ವೆಲ್ಡಿಂಗ್ ರಾಡು, ಬಣ್ಣಗಳನ್ನು ಹೀಗೆ ಹಂಚುತ್ತ ಕೂರುವುದು ವ್ಯರ್ಥ ಶ್ರಮ. ಅವು ಸಾಮಾನ್ಯ ದಾಸ್ತಾನಿನಲ್ಲೇ ಇರಲಿ. ಒಂದು ಕೆಲಸಕ್ಕೆ ನಿರ್ಣಾಯಕ ವಸ್ತುಗಳು ಐದಾರಕ್ಕಿಂತ ಹೆಚ್ಚಾದರೆ ಆಯ್ಕೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಬಹುದು. ಎರಡು ಮೂರು ಆದೇಶಗಳಿಗೆ ಒಂದೇ ಅಳತೆಯ ಬೇರಿಂಗು ಬೇಕಾದಾಗ ಒಟ್ಟಿಗೆ ಕೊಂಡು, ಜಮಾ ಮಾಡುವಾಗ ಹಂಚಿದರೆ ದರದಲ್ಲಿಯೂ ಅನುಕೂಲವಾದೀತು.

ಇನ್ನು ಹಣದ ಪ್ರಶ್ನೆ. ನಕ್ಷೆಗೆ ಮೊದಲೇ ಗೇರ್‌ಬಾಕ್ಸ್ ತರಿಸಿ, ಗ್ರಾಹಕರು ಮನಸ್ಸು ಬದಲಿಸಿದರೆ ಅದು ಯಾರ ಕೊರಳಿಗೆ? ಗ್ರಾಹಕರಿಂದ ಪಡೆಯುವ ಮುಂಗಡವು ರೂಢಿಯ ಕಾಲುಭಾಗವೋ ಮೂರರಲ್ಲೊಂದು ಭಾಗವೋ ಆಗಿರದೆ, ವಾಪಸು ಕೊಡಲಾಗದ ಸಾಮಗ್ರಿಗಳ ಬೆಲೆಯನ್ನಾದರೂ ತುಂಬುವಂತಿರಬೇಕು. ಒಪ್ಪಂದದಲ್ಲಿ ಆ ವಸ್ತುಗಳ ಹೆಸರು, ಅಳತೆ ಸ್ಥಿರಗೊಂಡ ದಿನಾಂಕ, ಅದರ ನಂತರದ ಬದಲಾವಣೆಯ ಖರ್ಚು ಯಾರದು ಎಂಬುದನ್ನು ಬರೆಯಬೇಕು. 2017ರ ನವೆಂಬರಿನ ಅಧಿಸೂಚನೆಯ ಬಳಿಕ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ತಯಾರಕರು ಸರಕಿಗಾಗಿ ಪಡೆದ ಮುಂಗಡಕ್ಕೆ ಆ ಹಂತದಲ್ಲೇ ಜಿಎಸ್‌ಟಿ ಕಟ್ಟಬೇಕಿಲ್ಲ. ಸೇವೆಗಾಗಿ ಪಡೆದ ಮುಂಗಡಕ್ಕೆ ಈ ರಿಯಾಯಿತಿ ಅನ್ವಯಿಸದು. ಆದ್ದರಿಂದ ಸ್ಥಳದಲ್ಲಿ ಸ್ಥಾಪಿಸಿಕೊಡುವ ಕೆಲಸವೂ ಸೇರಿದ್ದರೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳುವುದು ಕ್ಷೇಮ. ಉಳಿದ ಹಣದ ವಿಷಯದಲ್ಲಿ 2006ರ ಎಂಎಸ್‌ಎಂಇ ಅಧಿನಿಯಮದ ಆಸರೆಯಿದೆ. ಉದ್ಯಮ್ ನೋಂದಣಿಯುಳ್ಳ ಅತಿ ಸಣ್ಣ ಹಾಗೂ ಸಣ್ಣ ತಯಾರಕರಿಗೆ ಖರೀದಿದಾರರು ಒಪ್ಪಂದದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಪಾವತಿಸಬೇಕು. ಸರಕು ಒಪ್ಪಿಸಿದ ದಿನದ ರುಜುವಾತು ಕೈಯಲ್ಲಿರದಿದ್ದರೆ ಈ ಎಣಿಕೆಗೆ ಆಧಾರವೇ ಇರುವುದಿಲ್ಲ. ಆದಕಾರಣ ಚಲನ್‌ನ ಮೇಲೆ ದಿನಾಂಕಸಹಿತ ಸಹಿ ಪಡೆದು ಆಯಾ ಆದೇಶದ ಕಡತದಲ್ಲೇ ಇಡತಕ್ಕದ್ದು.