ಗಣಕದ ಮುಂದೆ ಕಾಯುವವರಾರು?

ನೆರೆಮನೆಯ ರಾಯರು ಮೊನ್ನೆ ಸಂಜೆ ಎರಡು ಬೆಲೆಪಟ್ಟಿಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಮಗಳು ವಾಸ್ತುಶಿಲ್ಪಿ. ಕಟ್ಟಲಿರುವ ಮನೆಯನ್ನು ಕಟ್ಟುವ ಮುನ್ನವೇ ಕಣ್ಣಿಗೆ ಕಾಣುವಂತೆ ಗಣಕದಲ್ಲಿ ಚಿತ್ರಿಸಿ ತೋರಿಸುವುದು ಆಕೆಯ ವೃತ್ತಿ. ಮಗ ಸಂಶೋಧನ ವಿದ್ಯಾರ್ಥಿ. ಗಾಳಿಯ ಹರಿವನ್ನು ಕುರಿತ ದೊಡ್ಡ ದೊಡ್ಡ ಲೆಕ್ಕಗಳಲ್ಲಿ ಮುಳುಗಿದವನು. ಇಬ್ಬರಿಗೂ ಬಲವಾದ ಯಂತ್ರ ಬೇಕು. ರಾಯರು ನಿವೃತ್ತಿಯ ಹಣದಿಂದ ತೆಗೆದಿರಿಸಿದ್ದಾದರೋ ಒಂದೇ ಯಂತ್ರಕ್ಕೆ ಸಾಲುವಷ್ಟು. ಮಗಳು ವರ್ಕ್‌ಸ್ಟೇಷನ್ ಪ್ರೊಸೆಸರು ಕೊಳ್ಳೋಣವೆನ್ನುತ್ತಾಳೆ. ಮಗ ಸರ್ವರ್ ಪ್ರೊಸೆಸರೇ ಆಗಬೇಕೆನ್ನುತ್ತಾನೆ.

“ಎರಡರಲ್ಲಿ ಯಾವುದು ಮೇಲು, ಅದೊಂದನ್ನು ಹೇಳಿಬಿಡಿ ಸ್ವಾಮಿ” ಎಂದರು ರಾಯರು.

ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆ. ಒಮ್ಮೆ ಕೊಂಡಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಒಂದರ ಮದರ್‌ಬೋರ್ಡಿನಲ್ಲಿ ಇನ್ನೊಂದು ನಡೆಯುವುದಿಲ್ಲ. ಆದುದರಿಂದ ವಿಷಯವನ್ನು ಮೊದಲಿನಿಂದಲೇ ನೋಡುವುದು ಒಳ್ಳೆಯದು.

ಒಂದೇ ತಾಯಿಯ ಮಕ್ಕಳು

ಬೆಂಗಳೂರಿನಲ್ಲಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದ ಎ.ಎಂ.ಡಿ. ಸಂಸ್ಥೆಯ ಎರಡು ಪ್ರೊಸೆಸರುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2022ರ ನವೆಂಬರಿನಲ್ಲಿ ಹೊರಬಂದ ‘ಎಪಿಕ್ 9654’ ಸರ್ವರುಗಳಿಗಾಗಿ ಹುಟ್ಟಿದ್ದು. ಮರುವರ್ಷ ಅದೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ‘ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯುಎಕ್ಸ್’ ವರ್ಕ್‌ಸ್ಟೇಷನ್ನಿಗಾಗಿ ಹುಟ್ಟಿದ್ದು. ಎರಡರಲ್ಲಿಯೂ ಇರುವುದು ‘ಜೆನ್ 4’ ಎಂಬ ಒಂದೇ ವಿನ್ಯಾಸದ ಕೋರುಗಳು. ಎಂಟೆಂಟು ಕೋರುಗಳ ಹನ್ನೆರಡು ತುಣುಕುಗಳನ್ನು ಜೋಡಿಸಿ, ಎರಡರಲ್ಲಿಯೂ 96 ಕೋರು. ವಿದ್ಯುತ್ತಿನ ಮಿತಿ ಮೊದಲನೆಯದಕ್ಕೆ 360 ವ್ಯಾಟ್, ಎರಡನೆಯದಕ್ಕೆ 350. ಬಿಡುಗಡೆಯಾದಾಗಿನ ಬೆಲೆ ಕ್ರಮವಾಗಿ 11,805 ಡಾಲರು ಮತ್ತು 9,999 ಡಾಲರು.

ಇಷ್ಟು ಹೋಲಿಕೆಯಿದ್ದರೂ ಬೆಳೆಸಿದ ರೀತಿ ಬೇರೆ. ಕೆಲವೇ ಕೋರುಗಳಿಗೆ ಕೆಲಸವಿದ್ದಾಗ ವರ್ಕ್‌ಸ್ಟೇಷನ್ ಪ್ರೊಸೆಸರು 5.1 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 510 ಕೋಟಿ ಮಿಡಿತದವರೆಗೆ ಓಡಬಲ್ಲದು, ಸರ್ವರಿನದು 3.7ಕ್ಕೆ ನಿಲ್ಲುತ್ತದೆ. ಆದರೆ ಖಾತರಿಯ ಮೂಲವೇಗ 2.5 ಮತ್ತು 2.4, ಇಲ್ಲಿ ಹೇಳಿಕೊಳ್ಳುವ ಅಂತರವೇನೂ ಇಲ್ಲ. ಇನ್ನೊಂದು ಕಡೆ, ಸರ್ವರ್ ಪ್ರೊಸೆಸರಿಗೆ ಮೆಮೊರಿಯ ದಾರಿಗಳು ಹನ್ನೆರಡು, ವರ್ಕ್‌ಸ್ಟೇಷನ್ನಿನದಕ್ಕೆ ಎಂಟು. ಸರ್ವರಿನದು 6 ಟೆರಾಬೈಟ್ ಮೆಮೊರಿಯನ್ನು ಹೊರಬಲ್ಲದು, ಮತ್ತೊಂದು 2 ಟೆರಾಬೈಟನ್ನು. ಸರ್ವರ್ ಪ್ರೊಸೆಸರುಗಳನ್ನು ಒಂದೇ ಬೋರ್ಡಿನಲ್ಲಿ ಜೋಡಿಯಾಗಿ ಕೂಡಿಸಬಹುದು. ಥ್ರೆಡ್‌ರಿಪ್ಪರ್ ಎಂದಿಗೂ ಒಂಟಿ.

ಉಗ್ರಾಣದ ಬಾಗಿಲುಗಳು

ಈ ದಾರಿಗಳ ಮಹತ್ವವನ್ನು ತಿಳಿಯಲು ಮದುವೆಮನೆಯ ಅಡುಗೆಯನ್ನು ನೆನೆದರೆ ಸಾಕು. ಕೋರುಗಳು ಅಡುಗೆಯವರು, ಮೆಮೊರಿ ಉಗ್ರಾಣ. ನೂರು ಮಂದಿ ಅಡುಗೆಯವರನ್ನು ಕರೆಸಿ ಉಗ್ರಾಣಕ್ಕೆ ನಾಲ್ಕೇ ಬಾಗಿಲುಗಳನ್ನಿಟ್ಟರೆ, ಅರ್ಧ ಮಂದಿ ಅಕ್ಕಿಬೇಳೆಗಾಗಿ ಬಾಗಿಲ ಬಳಿಯೇ ನಿಂತಿರುತ್ತಾರೆ. ಕೂಲಿ ಮಾತ್ರ ಎಲ್ಲರಿಗೂ ಸಲ್ಲಬೇಕು!

ಹನ್ನೆರಡು ದಾರಿಗಳ ಎಪಿಕ್ 9654ಕ್ಕೆ ಮೆಮೊರಿಯಿಂದ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 460 ಗಿಗಾಬೈಟ್ ಬರಬಲ್ಲದು. ಎಂಟು ದಾರಿಗಳ ಪ್ರೊಗೆ ಸುಮಾರು 332. ಇವೆರಡಕ್ಕೂ ಕಿರಿಯದಾದ, ನಾಲ್ಕೇ ದಾರಿಗಳ ಥ್ರೆಡ್‌ರಿಪ್ಪರ್ 7980ಎಕ್ಸ್ ಎಂಬುದೊಂದುಂಟು. 64 ಕೋರು, ಬಿಡುಗಡೆಯ ಬೆಲೆ 4,999 ಡಾಲರು. ಅದಕ್ಕೆ ಸಿಗುವುದು ಸುಮಾರು 166.

ಗಾಳಿ ನೀರುಗಳ ಹರಿವಿನ ಲೆಕ್ಕಗಳು ಬಾಗಿಲನ್ನೇ ಹೆಚ್ಚು ಬೇಡುವ ಜಾತಿಯವು. ಮನೆಯಲ್ಲಿಯೇ ದೊಡ್ಡ ಭಾಷಾಮಾದರಿಗಳನ್ನು ಗ್ರಾಫಿಕ್ಸ್ ಕಾರ್ಡಿಲ್ಲದೆ ನಡೆಸಹೊರಟವರ ಪಾಡೂ ಇದೇ. ಸಾಮಾನ್ಯವಾಗಿ ಇಂತಹ ಮಾದರಿಯೊಂದು ಪದದ ಪ್ರತಿಯೊಂದು ತುಣುಕಿಗೂ ತನ್ನ ಭಂಡಾರವನ್ನೆಲ್ಲ ಒಮ್ಮೆ ಓದಬೇಕು. ಭಂಡಾರ 40 ಗಿಗಾಬೈಟಿನದಾದರೆ, ನಾಲ್ಕು ದಾರಿಗಳ ಯಂತ್ರ ಸೆಕೆಂಡಿಗೆ ನಾಲ್ಕು ತುಣುಕುಗಳನ್ನು ಮೀರಲಾರದು; ಹನ್ನೆರಡು ದಾರಿಗಳದು ಹನ್ನೊಂದರ ತನಕ ಹೋದೀತು. ಇಂಥಲ್ಲಿ ಸರ್ವರಿಗೆ ಕೊಟ್ಟ ಹಣ ವ್ಯರ್ಥವಲ್ಲ. ಕಟ್ಟಡದ ಚಿತ್ರಕ್ಕೆ ಬೆಳಕು ನೆರಳು ತುಂಬುವ ಕೆಲಸ ಬಹುಮಟ್ಟಿಗೆ ಹಾಗಲ್ಲ. ಅಲ್ಲಿ ಅಡುಗೆಯವರು ಒಮ್ಮೆ ತಂದ ಸಾಮಾನಿನಲ್ಲಿಯೇ ಬಹಳ ಹೊತ್ತು ಕೈಯಾಡಿಸುತ್ತಾರೆ.

ಒಬ್ಬನೇ ಮಾಡಬೇಕಾದ ಕೆಲಸ

ತರಕಾರಿ ಹೆಚ್ಚುವುದನ್ನು ಐವತ್ತು ಮಂದಿಗೆ ಹಂಚಬಹುದು. ಹುಳಿಗೆ ಒಗ್ಗರಣೆ ಹಾಕುವ ಕೈ ಒಂದೇ. ಈ ಸತ್ಯವನ್ನು ಗಣಕಶಾಸ್ತ್ರದಲ್ಲಿ 1967ರಲ್ಲಿ ಎತ್ತಿ ತೋರಿಸಿದವರು ಜೀನ್ ಆಮ್ದಾಲ್. ಒಂದು ಕೆಲಸದಲ್ಲಿ ನೂರಕ್ಕೆ ಐದು ಪಾಲು ಹಂಚಲಾಗದ್ದೆಂದು ಇಟ್ಟುಕೊಳ್ಳಿ. 64 ಕೋರುಗಳಿಂದ ಅದು 15.4 ಪಟ್ಟು ಬೇಗ ಆದೀತು. 96 ಕೋರುಗಳಿಂದ 16.7 ಪಟ್ಟು. ಕೋರುಗಳು ಒಂದೂವರೆಪಟ್ಟಾದರೂ ಲಾಭ ನೂರಕ್ಕೆ ಎಂಟು! ಸಾವಿರ ಕೋರುಗಳನ್ನು ತಂದರೂ 20 ಪಟ್ಟು ದಾಟುವಂತಿಲ್ಲ. ಆ ಐದು ಪಾಲು ಬೇಗ ಮುಗಿಯಬೇಕಾದರೆ ಒಗ್ಗರಣೆ ಹಾಕುವ ಕೈಯೇ ಚುರುಕಾಗಬೇಕು.

ಗೋಡೆ ಸರಿಸುವುದು, ಕಿಟಕಿ ತಿರುಗಿಸುವುದು, ನಕ್ಷೆ ತೆರೆಯುವುದು ಇವೆಲ್ಲ ಬಹುಮಟ್ಟಿಗೆ ಒಂದೆರಡು ಕೋರುಗಳ ಮೇಲೆಯೇ ಬೀಳುವ ಕೆಲಸಗಳು. ಅಲ್ಲಿ 5.1 ಮತ್ತು 3.7ರ ಅಂತರ ದಿನಕ್ಕೆ ನೂರು ಸಲ ಅನುಭವಕ್ಕೆ ಬರುತ್ತದೆ. ಚಿತ್ರದ ಭಾರವನ್ನು ಗ್ರಾಫಿಕ್ಸ್ ಕಾರ್ಡಿಗೇ ವಹಿಸುವವರಿಗಂತೂ 96 ಕೋರು ಅನಗತ್ಯ. ಒಂದೆರಡು ಕಾರ್ಡುಗಳಿಗೆ ಕಿರಿಯ ಥ್ರೆಡ್‌ರಿಪ್ಪರೇ ಸಾಕು.

ಈ ಗಡಿ ಅಳಿಸಲಾಗದ್ದೇನಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಎಪಿಕ್ 9575ಎಫ್ ಎಂಬ 64 ಕೋರಿನ ಸರ್ವರ್ ಪ್ರೊಸೆಸರು 5 ಗಿಗಾಹರ್ಟ್ಸ್ ಮುಟ್ಟುತ್ತದೆ. ಎರಡೂ ಗುಣಗಳು ಒಂದರಲ್ಲಿಯೇ ಬೇಕೆನ್ನುವವರಿಗೆ ಅದುಂಟು. ಆದರೆ ಬಿಡುಗಡೆಯಾದಾಗಿನ ಬೆಲೆ 11,000 ಡಾಲರು ಮೀರಿದ್ದು, ವಿದ್ಯುತ್ತಿನ ಮಿತಿ 400 ವ್ಯಾಟ್.

ಮನೆಯೊಳಗೆ ಬಂದ ಮೇಲೆ

ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳೂ ಉಂಟು. 350 ವ್ಯಾಟಿನ ಪ್ರೊಸೆಸರು ಹಗಲಿರುಳೂ ಪೂರ್ಣವಾಗಿ ದುಡಿದರೆ ದಿನಕ್ಕೆ 8.4 ಯೂನಿಟ್, ತಿಂಗಳಿಗೆ 252 ಯೂನಿಟ್ ವಿದ್ಯುತ್ತು ಪ್ರೊಸೆಸರಿಗೇ ಬೇಕು. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಯಲ್ಲಿಯೇ ಉಳಿಯುತ್ತದೆ. ಚಪ್ಪಟೆ ಪೆಟ್ಟಿಗೆಯ ಸರ್ವರಿನ ಪುಟ್ಟ ಫ್ಯಾನುಗಳ ಗದ್ದಲವಂತೂ ಹಿಟ್ಟಿನ ಗಿರಣಿಯನ್ನು ನೆನಪಿಸುತ್ತದೆ. ಸರ್ವರ್ ಬೋರ್ಡಿನಲ್ಲಿ ದೂರದೂರಿನಿಂದಲೇ ಯಂತ್ರವನ್ನು ಚಾಲೂ ಮಾಡುವ ಸೌಕರ್ಯವಿರುತ್ತದೆ. ಧ್ವನಿವರ್ಧಕ ಸಿಕ್ಕಿಸಲು ಸಾಮಾನ್ಯವಾಗಿ ತೂತೂ ಇರುವುದಿಲ್ಲ. ಅದರ ಮುಂದೆ ಯಾರೂ ಕೂಡುವುದಿಲ್ಲವೆಂದೇ ಅದನ್ನು ಮಾಡಿದವರ ಎಣಿಕೆ.

ತಪ್ಪು ತಿದ್ದಿಕೊಳ್ಳುವ ಮೆಮೊರಿ ಸರ್ವರಿನಲ್ಲಿ ಮಾತ್ರ ಸಾಧ್ಯವೆಂಬ ಮಾತನ್ನು ನಂಬಬೇಕಾಗಿಲ್ಲ. ಈ ಥ್ರೆಡ್‌ರಿಪ್ಪರುಗಳಿಗೂ ಅದೇ ಬಗೆಯ ಮೆಮೊರಿ ಬೇಕು. ಇನ್ನು, ಬಳಸಿ ಬಿಟ್ಟ ಸರ್ವರ್ ಪ್ರೊಸೆಸರು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮುನ್ನ ವಿಚಾರಿಸಿರಿ. ಕೆಲವು ಎಪಿಕ್‌ಗಳು ಮೊದಲು ಕೂಡಿದ ತಯಾರಕರ ಬೋರ್ಡುಗಳಿಗೇ ಶಾಶ್ವತವಾಗಿ ಬೀಗ ಬಿದ್ದವು. ಬೇರೆ ಬೋರ್ಡಿನಲ್ಲಿ ಅವು ಕಣ್ಣು ತೆರೆಯುವುದಿಲ್ಲ.

ರಾಯರ ತೀರ್ಮಾನ

ಇಷ್ಟನ್ನೂ ಕೇಳಿದ ರಾಯರು ಮಕ್ಕಳಿಬ್ಬರನ್ನೂ ಕರೆಸಿ ಒಂದೇ ಪ್ರಶ್ನೆ ಕೇಳಿದರು: “ಯಂತ್ರ ನಿಮ್ಮ ಕೆಲಸ ಮಾಡುವಾಗ ನೀವು ಎಲ್ಲಿರುತ್ತೀರಿ?”

“ಮಲಗಿರುತ್ತೇನೆ ಅಪ್ಪ. ಲೆಕ್ಕ ಮುಗಿಯಲು ಎರಡು ದಿನ ಬೇಕಾಗುತ್ತದೆ” ಎಂದ ಮಗ.

“ಕುರ್ಚಿಯಲ್ಲೇ ಇರುತ್ತೇನೆ. ಮನೆ ಕಟ್ಟಿಸುವವರು ಪಕ್ಕದಲ್ಲಿಯೇ ಕುಳಿತಿರುತ್ತಾರೆ” ಎಂದಳು ಮಗಳು.

ಅಲ್ಲಿಗೆ ಉತ್ತರ ಅವರಿಗೇ ಹೊಳೆಯಿತು. ಮುಂದೆ ಕುಳಿತು ಕಾಯುವ ಮನುಷ್ಯನಿದ್ದರೆ ವರ್ಕ್‌ಸ್ಟೇಷನ್ ಪ್ರೊಸೆಸರು. ಕೆಲಸಗಳೇ ಸಾಲಾಗಿ ಕಾಯುತ್ತಿದ್ದರೆ, ಇಲ್ಲವೆ ಹತ್ತಾರು ಮಂದಿ ದೂರದಿಂದ ಕೇಳುತ್ತಿದ್ದರೆ, ಸರ್ವರ್ ಪ್ರೊಸೆಸರು. ದೂರದಲ್ಲಿದ್ದೇ ದುಡಿಯುವುದು ಸರ್ವರಿನ ಸ್ವಭಾವವಾದ್ದರಿಂದ ಅದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೂ ಪಡೆಯಬಹುದು.

ರಾಯರು 64 ಕೋರಿನ ಥ್ರೆಡ್‌ರಿಪ್ಪರನ್ನು ಆರಿಸಿಕೊಂಡರು. 2025ರ ಜುಲೈಯಲ್ಲಿ ಬಂದ ಅದರ ತಮ್ಮ 9980ಎಕ್ಸ್‌ಗೂ ಬಿಡುಗಡೆಯ ಬೆಲೆ 4,999 ಡಾಲರೇ; ವೇಗ 5.4ಕ್ಕೆ ಏರಿದೆ. ಉಳಿದ ಹಣದಲ್ಲಿ ಒಂದು ಪಾಲು ಮೆಮೊರಿಗೂ ಯು.ಪಿ.ಎಸ್.ಗೂ ಹೋಯಿತು, ಇನ್ನೊಂದು ಪಾಲನ್ನು ಮಗನ ಲೆಕ್ಕಗಳ ಬಾಡಿಗೆಗೆಂದು ಪ್ರತ್ಯೇಕವಾಗಿ ಎತ್ತಿಟ್ಟರು.

ಮಗನಿಗೆ ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆ. ವರ್ಷವಿಡೀ ಯಂತ್ರಕ್ಕೆ ಬಿಡುವೇ ಇಲ್ಲದಿದ್ದರೆ ಬಾಡಿಗೆಗಿಂತ ಸ್ವಂತದ್ದೇ ಅಗ್ಗವಾದೀತೆಂಬ ಅವನ ವಾದ ಸುಳ್ಳಲ್ಲ. ರಾಯರು ಅದನ್ನೂ ಒಪ್ಪಿಕೊಂಡರು. ಬಾಡಿಗೆಯ ಲೆಕ್ಕ ಬರೆದಿಡಲು ಅವನ ಕೈಗೊಂದು ಪುಸ್ತಕ ಕೊಟ್ಟು, “ವರ್ಷದ ಕೊನೆಗೆ ಇದನ್ನು ನೋಡಿ ಮಾತನಾಡೋಣ” ಎಂದರು.