ಆಸ್ಪತ್ರೆ ದೂರವಿರುವಲ್ಲಿ ವೈದ್ಯಶಾಸ್ತ್ರ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಕುರುಚಲು ಗಿಡಗಳು, ಕಲ್ಲುಗುಡ್ಡಗಳು, ದನಕುರಿಗಳು ಮೇಯುವ ವಿಶಾಲವಾದ ಕಾವಲುಗಳು, ಮಳೆಯನ್ನೇ ನೆಚ್ಚಿದ ಶೇಂಗಾ ಹೊಲಗಳು, ಇವೇ ಇಲ್ಲಿ ಕಣ್ಣಿಗೆ ಬೀಳುವ ದೃಶ್ಯಗಳು. ಈ ಬಯಲಿನಲ್ಲಿ ಕುರಿ ಕಾಯುವವನೊಬ್ಬನಿಗೆ ಹಾವು ಕಚ್ಚಿತೆನ್ನೋಣ. ಅವನನ್ನು ಉಳಿಸಬಲ್ಲ ಔಷಧವನ್ನು ವಿಜ್ಞಾನಿಗಳು ಕಂಡುಹಿಡಿದು ಒಂದು ಶತಮಾನಕ್ಕೂ ಮೇಲಾಯಿತು. ಆದರೂ ಅವನು ಸಾಯಬಹುದು. ಅವನನ್ನು ಕೊಲ್ಲುವುದು ವಿಷವೊಂದೇ ಅಲ್ಲ. ಅವನಿಗೂ ಔಷಧಕ್ಕೂ ನಡುವೆ ಇರುವ ದೂರ, ಮತ್ತು ಆ ದೂರವನ್ನು ಕ್ರಮಿಸುವಾಗ ನಡೆಯುವ ತಪ್ಪುಗಳು.

ಈ ದೂರವನ್ನೇ ತನ್ನ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡ ವೈದ್ಯಶಾಖೆಯೊಂದುಂಟು. ಅಪಘಾತ, ಹೃದಯಾಘಾತ, ವಿಷಬಾಧೆ ಮೊದಲಾದ ಸಂದರ್ಭಗಳಲ್ಲಿ ಮೊದಲ ನಿಮಿಷಗಳಿಂದಲೇ ನಡೆಯಬೇಕಾದ ಚಿಕಿತ್ಸೆಯನ್ನು ಕುರಿತದ್ದು ತುರ್ತು ವೈದ್ಯಶಾಸ್ತ್ರ. ಅದೇ ವಿದ್ಯೆಯನ್ನು ಆಸ್ಪತ್ರೆಯಿಲ್ಲದ ಬೆಟ್ಟ, ಕಾಡು, ಕಡಲುಗಳಿಗೆ ಕೊಂಡೊಯ್ದಾಗ ಅದು ನಿರ್ಜನಪ್ರದೇಶದ ವೈದ್ಯಶಾಸ್ತ್ರವೆನಿಸುತ್ತದೆ. ಅಮೆರಿಕದಲ್ಲಿ ಇದಕ್ಕಾಗಿಯೇ ವೈದ್ಯರ ಸಂಘವೊಂದು 1983ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ತುರ್ತು ವೈದ್ಯಶಾಸ್ತ್ರವನ್ನು ಪ್ರತ್ಯೇಕ ಶಾಖೆಯೆಂದು ಮನ್ನಿಸಿತು. ಪಾಶ್ಚಾತ್ಯರು ಈ ವಿದ್ಯೆಯನ್ನು ಬಹುಮಟ್ಟಿಗೆ ಪರ್ವತಾರೋಹಿಗಳಿಗಾಗಿಯೂ ಸಾಹಸಯಾತ್ರಿಕರಿಗಾಗಿಯೂ ಬೆಳೆಸಿದರು. ನಮಗಾದರೋ ಅದು ದಿನವೂ ದುಡಿಯುವ ಹೊಲದಲ್ಲಿಯೇ ಬೇಕಾಗಿದೆ.

ನಾಲ್ಕು ಹಾವುಗಳು, ಎರಡು ಬಗೆಯ ವಿಷ

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ; ಎಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಕಾಲು ಭಾಗಕ್ಕೂ ಹೆಚ್ಚಿನವರು 15 ವರ್ಷದೊಳಗಿನ ಮಕ್ಕಳು. ಅರ್ಧಕ್ಕೂ ಹೆಚ್ಚು ಸಾವುಗಳು ಸಂಭವಿಸಿದುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಚಳ್ಳಕೆರೆಯ ರೈತ ಶೇಂಗಾ ಬಿತ್ತಿ, ಕಳೆ ಕೀಳುತ್ತ, ಬಾಗಿ ನೆಲಕ್ಕೆ ಕೈಯಿಕ್ಕಿರುವ ಕಾಲವೂ ಅದೇ.

ನಮ್ಮ ನಾಡಿನಲ್ಲಿ ಮರಣಕ್ಕೆ ಮುಖ್ಯ ಕಾರಣವೆನಿಸಿದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಮೊದಲಿನ ಎರಡರ ವಿಷ ನರಗಳಿಗೂ ಸ್ನಾಯುಗಳಿಗೂ ನಡುವಣ ಸಂಪರ್ಕವನ್ನು ಕಡಿದುಹಾಕುತ್ತದೆ. ಮೊದಲು ಕಣ್ಣೆವೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಕಟ್ಟುಹಾವು ರಾತ್ರಿ ಸಂಚರಿಸುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವಾಗಲಿ ಗುರುತಾಗಲಿ ಕಾಣದೆ ಹೋಗುವುದೂ ಉಂಟು.

ಮಂಡಲಗಳ ವಿಷದ ರೀತಿಯೇ ಬೇರೆ. ಗರಗಸಮಂಡಲವು ಒಣನೆಲದ, ಕಲ್ಲುಗಾವಲಿನ ಹಾವು. ಉದ್ದದಲ್ಲಿ ಒಂದು ಗೇಣಿಗಿಂತ ತುಸು ಹೆಚ್ಚು, ಎರಡು ಗೇಣನ್ನು ಮೀರುವುದು ಅಪರೂಪ. ಕೆಣಕಿದಾಗ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂತೆ ಸದ್ದು ಮಾಡುವುದರಿಂದ ಅದಕ್ಕೆ ಈ ಹೆಸರು. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ದ್ರವ್ಯವೊಂದು ನಮ್ಮ ರಕ್ತದಲ್ಲಿದೆ. ಮಂಡಲದ ವಿಷವು ಆ ಹೆಪ್ಪುಗಟ್ಟುವ ಕ್ರಿಯೆಯನ್ನು ಅಕಾಲದಲ್ಲಿ, ಮೈಯ ಒಳಗೇ ಕೆರಳಿಸಿ, ಫೈಬ್ರಿನೋಜನ್ ಪೂರ್ತಿ ವ್ಯಯವಾಗುವಂತೆ ಮಾಡುತ್ತದೆ. ಬಳಿಕ ಸಣ್ಣ ಗಾಯದಿಂದಲೂ ರಕ್ತ ನಿಲ್ಲದೆ ಸೋರುತ್ತದೆ. ಕೊಳಕುಮಂಡಲದ ವಿಷವು ಮೂತ್ರಪಿಂಡಗಳನ್ನೂ ಕೆಡಿಸಬಲ್ಲುದು.

ಬಯಲಿನಲ್ಲಿ ಮಾಡಬೇಕಾದುದೇನು?

ಇಂತಹ ಸಂದರ್ಭದಲ್ಲಿ ವೈದ್ಯನು ಪಕ್ಕದಲ್ಲಿರುವುದಿಲ್ಲ. ಇರುವವನು ಜೊತೆಗಾರ ಕುರಿಗಾಹಿ, ಹೆಂಡತಿ, ಮಗ, ಇಲ್ಲವೆ ಊರ ಶಾಲೆಯ ಮೇಷ್ಟರು. ಅವರು ಮಾಡಬೇಕಾದ ಕೆಲಸ ಸರಳ. ಕಚ್ಚಿಸಿಕೊಂಡವನನ್ನು ಮಲಗಿಸಿ ಧೈರ್ಯ ಹೇಳಬೇಕು. ಊತ ಏರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಬೇಕು. ಮುರಿದ ಮೂಳೆಗೆ ಮಾಡುವಂತೆ ಕೋಲು ಬಟ್ಟೆಗಳ ಆಸರೆ ಕೊಟ್ಟು ಆ ಅಂಗವನ್ನು ಅಲುಗಾಡದಂತೆ ಮಾಡಬೇಕು. ಸ್ನಾಯುಗಳು ಆಡಿದಷ್ಟೂ ವಿಷ ಬೇಗ ಹರಡುವುದರಿಂದ ಅವನು ನಡೆಯಬಾರದು, ಓಡಲಂತೂ ಕೂಡದು. ಹೊತ್ತುಕೊಂಡೋ, ಬೇರೆ ವಾಹನವಿಲ್ಲದಿದ್ದರೆ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡೋ, ವಿಷನಿರೋಧಕವಿರುವ ಆಸ್ಪತ್ರೆಗೆ ಸೇರಿಸಬೇಕು. ಕಚ್ಚಿದ ವೇಳೆಯನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಬೇಕು.

ಮಾಡಬಾರದವು ಇನ್ನೂ ಮುಖ್ಯ. ಹಗ್ಗದಿಂದ ಬಿಗಿಯಾಗಿ ಕಟ್ಟಿದರೆ ಅಂಗಕ್ಕೆ ರಕ್ತವಿಲ್ಲದಾಗುತ್ತದೆ. ಮಂಡಲದ ವಿಷವು ಒಂದೆಡೆಯೇ ನಿಂತು ಮಾಂಸವನ್ನು ಕೊಳೆಯಿಸುತ್ತದೆ. ಯಾರಾದರೂ ಆಗಲೇ ಕಟ್ಟಿದ್ದರೆ ಅದನ್ನು ದಾರಿಯಲ್ಲಿ ಥಟ್ಟನೆ ಬಿಚ್ಚದೆ ವೈದ್ಯರ ಕೈಗೇ ಬಿಡಬೇಕು. ತಡೆದಿದ್ದ ವಿಷ ಒಮ್ಮೆಲೇ ನುಗ್ಗುವ ಭಯವುಂಟು. ಗಾಯವನ್ನು ಕೊಯ್ಯುವುದರಿಂದ ರಕ್ತ ಹೆಪ್ಪುಗಟ್ಟದವನಿಗೆ ಮತ್ತೊಂದು ಅಪಾಯ ಸೇರುತ್ತದೆ. ಬಾಯಿಂದ ಹೀರುವುದು ನಿಷ್ಪ್ರಯೋಜಕ. ಹಾವನ್ನು ಹುಡುಕಿ ಕೊಲ್ಲುತ್ತ ಕಾಲ ಕಳೆಯುವುದೂ ಬೇಡ. ನಮ್ಮಲ್ಲಿ ದೊರೆಯುವ ವಿಷನಿರೋಧಕವು ಮೇಲೆ ಹೇಳಿದ ನಾಲ್ಕು ಹಾವುಗಳಿಗೂ ಒಂದೇ.

ಹಾಗಾದರೆ ಮಂತ್ರ ಹಾಕಿಸಿಕೊಂಡು ಬದುಕಿದವರಿಲ್ಲವೆ ಎಂದು ವಾಚಕರು ಕೇಳಬಹುದು. ಅಂಥವರು ಅನೇಕರಿದ್ದಾರೆ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷರಹಿತ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರಿದೆ ಕಚ್ಚುವುದುಂಟು. ಇಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ಆದರೆ ನಿಜವಾಗಿಯೂ ವಿಷವೇರಿದವನಿಗೆ ಮಂತ್ರದ ಮುಂದೆ ಕುಳಿತ ಒಂದೆರಡು ಗಂಟೆಗಳು ಮರಳಿ ದೊರೆಯಲಾರವು.

ಗಾಜಿನ ನಳಿಗೆಯ ಪರೀಕ್ಷೆ

ವಿಷ ಏರಿದೆಯೆ ಇಲ್ಲವೆ ಎಂಬುದನ್ನು ತಿಳಿಯಲು ಸಣ್ಣ ಆಸ್ಪತ್ರೆಯಲ್ಲಿಯೂ ಮಾಡಬಹುದಾದ ಒಂದು ಪರೀಕ್ಷೆಯುಂಟು. ರೋಗಿಯ 2 ಮಿಲಿಲೀಟರ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿಟ್ಟು 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಬಳಿಕ ನಳಿಗೆಯನ್ನು ಒಮ್ಮೆ ಓರೆಮಾಡಿ ನೋಡಿದಾಗ ರಕ್ತ ಇನ್ನೂ ದ್ರವವಾಗಿಯೇ ಇದ್ದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆಯೆಂದು ಗೊತ್ತಾಗುತ್ತದೆ. ಗಾಜಿನ ಮೈ ಸೋಕಿದಾಗ ಆರೋಗ್ಯವಂತನ ರಕ್ತ ಹೆಪ್ಪುಗಟ್ಟಲು ತೊಡಗುವುದೇ ಇದರ ತತ್ತ್ವ. ಆದುದರಿಂದ ಪ್ಲಾಸ್ಟಿಕ್ ನಳಿಗೆಯಾಗಲಿ ಸಾಬೂನಿನ ಅಂಶ ಉಳಿದ ನಳಿಗೆಯಾಗಲಿ ಸಲ್ಲದು. ವಿದ್ಯುತ್ತಾಗಲಿ ಯಂತ್ರವಾಗಲಿ ಇದಕ್ಕೆ ಬೇಡ.

ವಿಷನಿರೋಧಕದ ಮೂಲತತ್ತ್ವವು 1894ರಲ್ಲಿ ಫ್ರೆಂಚ್ ವಿಜ್ಞಾನಿಗಳಿಂದ ಪ್ರಕಟವಾಯಿತು. ಕುದುರೆಗೆ ಅಲ್ಪಸ್ವಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಈ ಔಷಧವನ್ನು ಸಿದ್ಧಪಡಿಸುತ್ತಾರೆ. ಇದರ ಪ್ರಮಾಣ ಮಕ್ಕಳಿಗೂ ದೊಡ್ಡವರಿಗೂ ಒಂದೇ ಎಂಬುದು ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಕಾರಣ ಸ್ಪಷ್ಟವಾಗಿದೆ: ಔಷಧ ಎದುರಿಸಬೇಕಾದುದು ವಿಷವನ್ನು, ಮಗುವೆಂದು ಹಾವು ವಿಷವನ್ನು ಕಡಮೆ ಬಿಡುವುದಿಲ್ಲ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ಆಗ ಅಡ್ರಿನಲಿನ್ ಕೈಯಳತೆಯಲ್ಲಿರಬೇಕು. ಔಷಧವನ್ನು ಹೊಲದಲ್ಲಿ ಕೊಡದೆ ಆಸ್ಪತ್ರೆಯಲ್ಲಿಯೇ ಕೊಡುವುದು ಇದಕ್ಕಾಗಿ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸಿದ್ದರೆ ಔಷಧವೂ ಅದನ್ನು ಕೂಡಲೆ ಸರಿಪಡಿಸಲಾರದು. ಆಗ ಮುಖವಾಡವಿರುವ ರಬ್ಬರಿನ ಗಾಳಿಚೀಲವನ್ನು ಕೈಯಿಂದ ಒತ್ತುತ್ತ, ದೊಡ್ಡ ಆಸ್ಪತ್ರೆ ಸೇರುವವರೆಗೂ ಉಸಿರು ನಡೆಸಿದರೆ ಪ್ರಾಣ ಉಳಿಯುತ್ತದೆ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿಲೋಮೀಟರ್. ಮೊಳಕಾಲ್ಮೂರಿನಿಂದ ಚಳ್ಳಕೆರೆಗೇ ಸುಮಾರು 50. ಆ ದಾರಿಯುದ್ದಕ್ಕೂ ಉಸಿರು ಕೈಯಳತೆಯ ಒಂದು ಚೀಲವನ್ನು ಅವಲಂಬಿಸಿರುತ್ತದೆ.

ಎಲ್ಲ ಸಂಕಟಗಳಿಗೂ ‘ಮೊದಲು ಸಾಗಿಸು’ ಎಂಬ ನಿಯಮ ಅನ್ವಯಿಸದು. ಬೇಸಿಗೆಯ ಬಿಸಿಲಾಘಾತದಲ್ಲಿ ಮೈಯ ಶಾಖ 40 ಡಿಗ್ರಿ ಸೆಂಟಿಗ್ರೇಡನ್ನು ಮೀರಿ ಬುದ್ಧಿ ಮಂಕಾದಾಗ ರೋಗಿಯನ್ನು ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸಿ, ಮೊದಲು ತಂಪು ಮಾಡಬೇಕು, ಸಾಗಿಸುವುದು ಆಮೇಲೆ. ಯಾವುದು ಮೊದಲು, ಯಾವುದು ಅನಂತರ ಎಂಬ ವಿವೇಚನೆಯೇ ಈ ಶಾಸ್ತ್ರದ ಜೀವಾಳ.

ವೈದ್ಯನೇ ಉಪಾಧ್ಯಾಯ

ಈ ವೃತ್ತಿಗೆ ಉಜ್ವಲವಾದ ನಿದರ್ಶನವನ್ನು ನೆರೆಯ ಮಹಾರಾಷ್ಟ್ರದಲ್ಲಿ ಕಾಣಬಹುದು. ಕೆಂಪು ಚೇಳಿನ ವಿಷವು ರಕ್ತನಾಳಗಳನ್ನು ಬಿಗಿದು, ಹೃದಯವನ್ನು ದಣಿಸಿ, ಶ್ವಾಸಕೋಶಗಳಲ್ಲಿ ನೀರು ತುಂಬಿಸುತ್ತದೆ. ಮಹಾಡ್ ಪ್ರದೇಶದ ಗ್ರಾಮವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಈ ಲಕ್ಷಣಗಳನ್ನು ಗಮನಿಸಿದರು. ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ ನಾಳಗಳನ್ನು ಸಡಿಲಿಸಿ ಪ್ರಾಣವುಳಿಸುವುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟು, ಅದನ್ನು ಇತರ ವೈದ್ಯರಿಗೂ ಕಲಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ನಮ್ಮ ರಾಜ್ಯದಲ್ಲಿಯೂ ವ್ಯವಸ್ಥೆ ಬೆಳೆಯುತ್ತಿದೆ. 108 ಸಂಖ್ಯೆಯ ಆರೋಗ್ಯ ಕವಚ ವಾಹನಸೇವೆ 2008ರಲ್ಲಿ ಆರಂಭವಾಯಿತು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚಿದೆಯೆಂದು ತಿಳಿದರೆ ತಾನೆ ಅಲ್ಲಿಗೆ ಔಷಧ ಕಳುಹಿಸಲು ಸಾಧ್ಯ? ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಾಗುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆಯಾ ಸೀಮೆಗೆ ತಕ್ಕ ವಿಷನಿರೋಧಕವನ್ನು ಸಿದ್ಧಪಡಿಸುವ ಕೆಲಸ ಇನ್ನೂ ಉಳಿದಿದೆ.

ಈ ದಾರಿ ಹಿಡಿಯಬಯಸುವ ತರುಣ ತರುಣಿಯರು ಎಂ.ಬಿ.ಬಿ.ಎಸ್. ಪದವಿಯ ನಾಲ್ಕೂವರೆ ವರ್ಷ, ಆಸ್ಪತ್ರೆಯ ತರಬೇತಿಯ ಒಂದು ವರ್ಷ, ಬಳಿಕ ತುರ್ತು ವೈದ್ಯಶಾಸ್ತ್ರದ ಎಂ.ಡಿ.ಗೆ ಮೂರು ವರ್ಷ ಓದಬೇಕು. ಅಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿಯಿತು. ಬೇರೆ ವೈದ್ಯರಿಗೆ ಬೋಧನೆ ಐಚ್ಛಿಕವಾಗಿರಬಹುದು, ಈ ವೈದ್ಯನಿಗೆ ಅದು ಚಿಕಿತ್ಸೆಯ ಅಂಗವೇ ಆಗಿದೆ. ಏಕೆಂದರೆ ರೋಗಿಯನ್ನು ಮೊದಲು ಮುಟ್ಟುವ ಕೈ ಅವನದಲ್ಲ. ದಾದಿ, ವಾಹನಚಾಲಕ, ಆಶಾ ಕಾರ್ಯಕರ್ತೆ, ಕುರಿಗಾಹಿ, ಇವರೆಲ್ಲರೂ ಅವನ ಶಿಷ್ಯರು. ಈ ಲೇಖನವನ್ನು ಓದಿದ ವಿದ್ಯಾರ್ಥಿಯೂ ಅವರಲ್ಲಿ ಒಬ್ಬನು. ಹಗ್ಗ ಬಿಗಿಯಲು ಹೊರಟ ಕೈಯನ್ನು ಅವನು ತಡೆದು, ಅಂಗಕ್ಕೆ ಆಸರೆ ಕಟ್ಟಿ, ತಡಮಾಡದೆ ಆಸ್ಪತ್ರೆಯ ದಾರಿ ಹಿಡಿಸಿದರೆ, ವೈದ್ಯನು ಬರುವ ಮೊದಲೇ ಚಿಕಿತ್ಸೆ ಆರಂಭವಾದಂತೆಯೇ ಸರಿ.