ಚೆಂಡು ಮುಟ್ಟದವನ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯವೊಂದು ಮುಗಿದ ಕೂಡಲೇ ಅಂಕಿಅಂಶಗಳ ಉದ್ದನೆಯ ಪಟ್ಟಿ ಹೊರಬೀಳುತ್ತದೆ. ಯಾರು ಎಷ್ಟು ಗಜ ಓಡಿದರು, ಯಾರು ಎಷ್ಟು ಚೆಂಡು ಹಿಡಿದರು, ಯಾರು ಯಾರನ್ನು ಕೆಡವಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಓಟಗಾರನ ಮುಂದೆ ಓಡಿ, ಎದುರಾಳಿಗೆ ಅಡ್ಡ ನಿಂತು ದಾರಿ ಬಿಡಿಸಿಕೊಟ್ಟ ಹುಡುಗನ ಹೆಸರಿಗೆ ಅಲ್ಲಿ ಕಾಲಮ್ಮೇ ಇಲ್ಲ. ಕ್ರಿಕೆಟ್ಟಿನಲ್ಲಿ ಎರಡನೇ ರನ್ನಿಗಾಗಿ ಅತ್ತ ತುದಿಯ ಬ್ಯಾಟ್ಸ್‌ಮನ್ ಜೀವ ಬಿಟ್ಟು ಓಡಿದರೂ ರನ್ನು ಸೇರುವುದು ಹೊಡೆದವನ ಖಾತೆಗೇ ತಾನೆ? ಇದೂ ಹೆಚ್ಚುಕಡಿಮೆ ಹಾಗೆಯೇ.

ಈ ಆಟ ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ಕಡೆ ಹನ್ನೊಂದು ಜನ, ಮೊಟ್ಟೆಯಾಕಾರದ ಚೆಂಡು, ೧೦೦ ಗಜದ ಅಂಕಣ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ೧೦ ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ೬ ಅಂಕ. ಚೆಂಡನ್ನು ಎಸೆದಾದರೂ ಸಾಗಿಸಬಹುದು, ಹಿಡಿದು ಓಡಿಯಾದರೂ ಸಾಗಿಸಬಹುದು. ಮುಂದಕ್ಕೆ ಎಸೆಯುವುದಕ್ಕೆ ನಿಯಮದ ಒಪ್ಪಿಗೆ ಸಿಕ್ಕಿದ್ದು ೧೯೦೬ರಲ್ಲಿ. ಆ ಎಸೆತವನ್ನು ಹಿಡಿಯಲೆಂದು ಅಂಕಣದ ಅಂಚಿನಲ್ಲಿ ದೂರ ನಿಲ್ಲುವವನೇ ವೈಡ್ ರಿಸೀವರ್. ಸಾಮಾನ್ಯವಾಗಿ ತಂಡದ ಅತಿ ವೇಗದ ಹುಡುಗ. ಜನರ ಕಣ್ಣಿಗೂ ಟಿ.ವಿ. ಕ್ಯಾಮೆರಾಕ್ಕೂ ಅಚ್ಚುಮೆಚ್ಚು.

ತಂಡ ಎಸೆಯದೆ ಓಡಲು ನಿರ್ಧರಿಸಿದಾಗ ಇವನಿಗೇನು ಕೆಲಸ? ಚೆಂಡು ಅಂಕಣದ ನಡುವೆ ಎಲ್ಲೋ ಇರುತ್ತದೆ, ಇವನು ಅಂಚಿನಲ್ಲಿ. ನಾಲ್ಕು ಹೆಜ್ಜೆ ಕಾಟಾಚಾರಕ್ಕೆ ಓಡಿ ಸೊಂಟಕ್ಕೆ ಕೈಕೊಟ್ಟು ನಿಂತರೆ ಗ್ಯಾಲರಿಯಲ್ಲಿ ಕೂತವರಾರಿಗೂ ತಿಳಿಯುವುದಿಲ್ಲ. ಆದರೆ ಎದುರಾಳಿಗೆ ತಿಳಿಯುತ್ತದೆ. ಓಟದ ಸರದಿಯಲ್ಲಿ ರಿಸೀವರ್ ಸಡಿಲವಾಗಿ ನಿಲ್ಲುತ್ತಾನೆ, ಎಸೆತದ ಸರದಿಯಲ್ಲಿ ಚುರುಕಾಗುತ್ತಾನೆ ಎಂಬ ಗುಟ್ಟು ಒಮ್ಮೆ ಗೊತ್ತಾಯಿತೆಂದರೆ, ಆಟ ಶುರುವಾಗುವ ಮೊದಲೇ ಮುಂದಿನ ನಡೆ ಬಯಲಾದಂತೆ.

ಲೆಕ್ಕ ಹೀಗಿದೆ. ನಡುವಿನ ದೈತ್ಯ ದೇಹದ ಐವರು ಸಾಲುಗಾರರು ಗೋಡೆ ಒಡೆದು ಓಟಗಾರನಿಗೆ ಸಂದು ಮಾಡಿಕೊಡುತ್ತಾರೆ. ಅದರಿಂದ ಸಿಗುವುದು ನಾಲ್ಕೈದು ಗಜ. ಅಲ್ಲಿಂದ ಮುಂದೆ ಕಾದಿರುವವರು ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿ ಎಂಬ ಹಿಂದಿನ ಸಾಲಿನ ಚುರುಕು ಆಟಗಾರರು. ೧೩೦-೧೪೦ ಕಿಲೋ ತೂಗುವ ಸಾಲುಗಾರ ಇವರನ್ನು ಬೆನ್ನಟ್ಟಿ ತಡೆಯುವುದು ಕಷ್ಟ. ಅಷ್ಟು ದೂರಕ್ಕೆ ಅಷ್ಟು ಬೇಗ ತಲುಪಬಲ್ಲವನು ರಿಸೀವರ್ ಒಬ್ಬನೇ. ಐದು ಗಜದ ಓಟ ಐವತ್ತು ಗಜದ ಓಟವಾಗಬೇಕಾದರೆ ಅವನು ಎರಡು-ಮೂರು ಸೆಕೆಂಡು ಒಬ್ಬನನ್ನು ತಡೆದು ನಿಲ್ಲಿಸಿದರೆ ಸಾಕು.

ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡಕ್ಕೆ ೧೯೭೩ರಿಂದ ೧೯೯೭ರವರೆಗೆ ಮುಖ್ಯ ತರಬೇತುದಾರರಾಗಿದ್ದ ಟಾಮ್ ಆಸ್ಬೋರ್ನ್ ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು. ತಾವೇ ಒಂದು ಕಾಲಕ್ಕೆ ವೃತ್ತಿಪರ ತಂಡಗಳಲ್ಲಿ ರಿಸೀವರ್ ಆಗಿದ್ದವರು. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಬೇರೆ. ಅವರ ತಂಡ ಎಸೆದದ್ದಕ್ಕಿಂತ ಓಡಿದ್ದೇ ಹೆಚ್ಚು. ೧೯೯೫ರಲ್ಲಿ ಆಡಿದ ಹನ್ನೆರಡು ಪಂದ್ಯಗಳನ್ನೂ ಗೆದ್ದ ಆ ತಂಡ ಪಂದ್ಯಕ್ಕೆ ಸರಾಸರಿ ಸುಮಾರು ೪೦೦ ಗಜ ಓಡಿಯೇ ಗಳಿಸಿತು. ಆ ಋತುವಿನ ಕೊನೆಯ ಪಂದ್ಯದಲ್ಲಿ, ೧೯೯೬ರ ಜನವರಿ ೨ರಂದು, ಫ್ಲಾರಿಡಾವನ್ನು ೬೨-೨೪ರಿಂದ ಮಣಿಸಿದಾಗ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್ ಹಿಡಿಯಬಂದವರನ್ನೆಲ್ಲ ಕೊಡವಿಕೊಂಡು ೭೫ ಗಜ ಓಡಿದ್ದನ್ನು ಜನ ಇಂದಿಗೂ ಮಾತಾಡಿಕೊಳ್ಳುತ್ತಾರೆ. ಆದರೆ ಫ್ರೇಜಿಯರ್‌ನಂಥವರು ಎಲ್ಲ ತಂಡಕ್ಕೂ ಎಲ್ಲ ವರ್ಷವೂ ಸಿಗುವುದಿಲ್ಲ. ಮೈಮೇಲೆ ಬೀಳುವವರ ಸಂಖ್ಯೆಯನ್ನೇ ಕಡಿಮೆ ಮಾಡುವುದು ಹೆಚ್ಚು ನಂಬಲರ್ಹವಾದ ದಾರಿ. ನೆಬ್ರಾಸ್ಕದಲ್ಲಿ ರಿಸೀವರ್ ಆಗಬೇಕೆಂದರೆ ಮೊದಲು ಅಡ್ಡಗಟ್ಟಲು ಕಲಿಯಬೇಕಿತ್ತು.

ಕಲಿಯುವುದು ಸುಲಭವೇನಲ್ಲ. ಸ್ಟಾಕ್ ಬ್ಲಾಕ್ ಎಂಬ ಪಟ್ಟನ್ನೇ ನೋಡಿ. ಮೊದಲ ಐದಾರು ಹೆಜ್ಜೆಗಳನ್ನು ಎಸೆತ ಹಿಡಿಯಲು ಹೊರಟವನಂತೆಯೇ ಪೂರ್ತಿ ವೇಗದಲ್ಲಿ ಹಾಕಬೇಕು. ಎದುರಿನ ಕಾರ್ನರ್‌ಬ್ಯಾಕ್ ಹೆದರಿ ಹಿಂದೆ ಸರಿಯುತ್ತಾನೆ. ಇದು ಎಸೆತವಲ್ಲ, ಓಟ ಎಂದು ಅವನಿಗೆ ಹೊಳೆದು ಮುಂದಕ್ಕೆ ನುಗ್ಗುವಷ್ಟರಲ್ಲಿ ರಿಸೀವರ್ ಹೆಜ್ಜೆ ಚಿಕ್ಕದು ಮಾಡಿ, ಮೊಣಕಾಲು ಬಗ್ಗಿಸಿ, ಕಾಲಗಲಿಸಿ ಅವನೆದುರು ನಿಂತಿರಬೇಕು. ಮೈಮೇಲೆ ಎರಗಬಾರದು, ಎರಗಿದರೆ ಆತ ಪಕ್ಕಕ್ಕೆ ಜಾರಿ ಹೋಗುತ್ತಾನೆ. ಕನ್ನಡಿಯಲ್ಲಿನ ಬಿಂಬದಂತೆ ಅವನು ಎತ್ತ ವಾಲಿದರೆ ಇವನೂ ಅತ್ತ. ಎರಡೂ ಕೈ ಎದುರಾಳಿಯ ಎದೆಯ ಮೇಲೆ, ಭುಜಗಳ ಒಳಗೆ ಇರಬೇಕು. ಅವನು ಯಾವ ಪಕ್ಕಕ್ಕೆ ಹೋಗಲು ಹವಣಿಸುತ್ತಾನೋ ಆ ಪಕ್ಕಕ್ಕೇ ಅವನನ್ನು ಇನ್ನಷ್ಟು ದೂರ ತಳ್ಳಬೇಕು. ಹಿಂದೆ ಬರುವ ಓಟಗಾರ ಅದನ್ನು ನೋಡಿಕೊಂಡು ಇನ್ನೊಂದು ಪಕ್ಕ ಹಿಡಿಯುತ್ತಾನೆ. ಎದುರಾಳಿ ತಪ್ಪಿಸಿಕೊಂಡನೆಂದು ಅಂಗಿ ಹಿಡಿದೆಳೆದರೆ ದಂಡ ೧೦ ಗಜ. ಬೆನ್ನಿಗೆ ತಳ್ಳಿದರೂ ಅಷ್ಟೇ. ಅರ್ಧ ಅಂಕಣ ಓಡಿ ಗಳಿಸಿದ ಟಚ್‌ಡೌನ್ ಇಂಥದೊಂದು ತಪ್ಪಿನಿಂದ ರದ್ದಾಗಿ, ಓಡಿದವನು ತಲೆ ತಗ್ಗಿಸಿ ವಾಪಸು ಬರುವುದನ್ನು ಆಟ ನೋಡುವವರೆಲ್ಲ ಬಲ್ಲರು.

ಇದಕ್ಕೆ ತಲೆಯೂ ಬೇಕು. ಎಸೆದ ಚೆಂಡು ಆಟ ಆರಂಭವಾದ ಗೆರೆಯನ್ನು ದಾಟಿ ಹೋಗುವಂತಿದ್ದರೆ, ಅದನ್ನು ಯಾರಾದರೂ ಮುಟ್ಟುವ ಮೊದಲೇ ಮುಂದೆ ಹೋಗಿ ಅಡ್ಡಗಟ್ಟುವುದು ತಪ್ಪು. ಗೆರೆಯ ಹಿಂದೆಯೇ ಹಿಡಿಯುವ ಸ್ಕ್ರೀನ್ ಎಸೆತವಾದರೆ ಕಾಲೇಜು ನಿಯಮದಲ್ಲಿ ಅಡ್ಡಿಯಿಲ್ಲ. ಹಾಗಾಗಿ ಚೆಂಡು ಬರದ ಸರದಿಯಲ್ಲೂ ಯಾವ ನಡೆ ಎಂಬುದು ಅವನಿಗೆ ಬಾಯಿಪಾಠವಾಗಿರಬೇಕು.

ಇದನ್ನೆಲ್ಲ ತ್ಯಾಗ ಎಂದು ಕೊಂಡಾಡುವುದು ಸ್ವಲ್ಪ ಹೆಚ್ಚಾಯಿತು. ಇದರಲ್ಲಿ ಸ್ವಾರ್ಥದ ಲೆಕ್ಕಾಚಾರವೂ ಇದೆ. ಮತ್ತೆ ಮತ್ತೆ ಅಡ್ಡಗಟ್ಟಿಸಿಕೊಂಡ ಕಾರ್ನರ್‌ಬ್ಯಾಕ್ ಬೇಸತ್ತು, ಓಟಗಾರನತ್ತ ಬೇಗನೆ ಮುನ್ನುಗ್ಗತೊಡಗುತ್ತಾನೆ. ಆಗ ಅದೇ ಐದಾರು ಹೆಜ್ಜೆ, ಅದೇ ನಿಲುವು; ಆದರೆ ರಿಸೀವರ್ ಈ ಸಲ ನಿಲ್ಲದೆ ಪಕ್ಕದಿಂದ ಹಾದುಹೋಗುತ್ತಾನೆ. ಹಿಂದೆ ಯಾರೂ ಇರುವುದಿಲ್ಲ.

ಜಾರ್ಜಿಯಾ ಟೆಕ್ ಇದಕ್ಕೆ ಒಳ್ಳೆಯ ಉದಾಹರಣೆ. ೨೦೦೮ರಿಂದ ೨೦೧೮ರವರೆಗೆ ಅಲ್ಲಿ ತರಬೇತುದಾರರಾಗಿದ್ದ ಪಾಲ್ ಜಾನ್ಸನ್ ಓಟವನ್ನೇ ನೆಚ್ಚಿದವರು. ರಿಸೀವರ್ ಆಗಬಯಸುವ ಮಗನನ್ನು ಅಂಥ ಕಾಲೇಜಿಗೆ ಕಳಿಸಲು ಯಾವ ತಂದೆತಾಯಿಯಾದರೂ ಹಿಂದೆಮುಂದೆ ನೋಡಿಯಾರು. ಡಿಮೇರಿಯಸ್ ಥಾಮಸ್ ೨೦೦೯ರ ಹದಿನಾಲ್ಕು ಪಂದ್ಯಗಳಲ್ಲಿ ಹಿಡಿದದ್ದು ೪೬ ಎಸೆತ. ಪಂದ್ಯಕ್ಕೆ ಮೂರು ಎನ್ನಿ. ಉಳಿದ ಹೊತ್ತೆಲ್ಲ ಅಡ್ಡಗಟ್ಟುವುದೇ ಕೆಲಸ. ಆದರೆ ಆ ೪೬ ಎಸೆತಗಳಿಂದ ಅವರು ಗಳಿಸಿದ್ದು ೧,೧೫೪ ಗಜ. ಮರುವರ್ಷ ಡೆನ್ವರ್ ತಂಡ ವೃತ್ತಿಪರ ಆಯ್ಕೆಯ ಮೊದಲ ಸುತ್ತಿನಲ್ಲೇ ಅವರನ್ನು ಎತ್ತಿಕೊಂಡಿತು. ಅವರ ನಂತರ ಬಂದ ಸ್ಟೀಫನ್ ಹಿಲ್ ೨೦೧೧ರಲ್ಲಿ ಹಿಡಿದದ್ದು ಬರೀ ೨೮. ೨೦೧೨ರಲ್ಲಿ ಎರಡನೇ ಸುತ್ತಿನಲ್ಲೇ ಆಯ್ಕೆಯಾದರು.

ಈ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. ಹೈನ್ಸ್ ವಾರ್ಡ್ ಹುಟ್ಟಿದ್ದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ. ಜಾರ್ಜಿಯಾದಲ್ಲಿ ಒಂಟಿಯಾಗಿ ಸಾಕಿದ ಕೊರಿಯನ್ ತಾಯಿ ಮಗನಿಗಾಗಿ ಒಟ್ಟೊಟ್ಟಿಗೆ ಎರಡು-ಮೂರು ಕಡೆ ದುಡಿದವರು. ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆತ ರಿಸೀವರ್, ಓಟಗಾರ, ಕ್ವಾರ್ಟರ್‌ಬ್ಯಾಕ್ ಮೂರೂ ಆಗಿದ್ದರು. ೧೯೯೮ರಲ್ಲಿ ಪಿಟ್ಸ್‌ಬರ್ಗ್ ಸೇರಿ ೧,೦೦೦ ಎಸೆತ ಹಿಡಿದರು. ಆದರೆ ಎದುರಾಳಿಗಳು ಹೆಚ್ಚು ಅಂಜುತ್ತಿದ್ದದ್ದು ಅವರು ಅಡ್ಡಗಟ್ಟುವ ರೀತಿಗೆ. ೨೦೦೮ರಲ್ಲಿ ಅವರ ಇಂಥದೊಂದು ಹೊಡೆತಕ್ಕೆ ಸಿನ್ಸಿನಾಟಿಯ ಕೀತ್ ರಿವರ್ಸ್ ಅವರ ದವಡೆ ಮುರಿಯಿತು. ಆಗಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ. ನೋಡದವನ ಮೇಲೆ ಹಾಗೆ ತಲೆಮಟ್ಟದಲ್ಲಿ ಎರಗುವುದನ್ನು ವೃತ್ತಿಪರ ಲೀಗ್ ೨೦೦೯ರಲ್ಲಿ ನಿಷೇಧಿಸಿತು. ಜನ ಅದನ್ನು ವಾರ್ಡ್ ನಿಯಮವೆಂದೇ ಕರೆದರು. ಕಾಲೇಜು ಆಟದಲ್ಲೂ ೨೦೧೯ರಿಂದ ಕಣ್ಣಿಗೆ ಬೀಳದ ದಿಕ್ಕಿನಿಂದ ಬಲವಾಗಿ ಅಪ್ಪಳಿಸುವುದಕ್ಕೆ ೧೫ ಗಜದ ದಂಡವಿದೆ. ೨೦೨೨ರಿಂದ ಅಂಚಿನ ಬಯಲಿನಲ್ಲಿ ಸೊಂಟದ ಕೆಳಗೆ ಅಡ್ಡಗಟ್ಟುವುದೂ ಇಲ್ಲ. ತೀರ ತಡವಾಯಿತೆನ್ನಬೇಕು. ಮೊಣಕಾಲು, ತಲೆ ಎರಡೂ ಓದುವ ವಯಸ್ಸಿನ ಹುಡುಗರವು.

ಈಗ ಹಣವೂ ಬಂದಿದೆ. ೨೦೨೧ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದು. ೨೦೨೫ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಜಾಹೀರಾತಿನವರು ಹುಡುಕಿಕೊಂಡು ಹೋಗುವುದು ಚೆಂಡು ಹಿಡಿದವನನ್ನು. ಹದಿನೆಂಟರ ಹುಡುಗನಿಗೆ ಅಡ್ಡಗಟ್ಟು ಎಂದು ಹೇಳುವುದು ತರಬೇತುದಾರನಿಗೆ ಮೊದಲಿಗಿಂತ ಕಷ್ಟವಾಗಿರಲೇಬೇಕು.

ಅವರ ಕೈಯಲ್ಲಿ ಉಳಿದಿರುವುದು ಚಿತ್ರ ಪ್ರದರ್ಶನದ ಕೋಣೆ. ಶನಿವಾರದ ಪಂದ್ಯವನ್ನು ಮುಂದಿನ ದಿನಗಳಲ್ಲಿ ಪರದೆಯ ಮೇಲೆ ತಂಡಕ್ಕೆ ತೋರಿಸುತ್ತಾರೆ. ಎತ್ತರದಿಂದ ತೆಗೆದ ಆ ಚಿತ್ರದಲ್ಲಿ ಇಪ್ಪತ್ತೆರಡು ಜನರೂ ಕಾಣುತ್ತಾರೆ. ಟಿ.ವಿ.ಯಲ್ಲಿ ಕಾಣದಿದ್ದ ಅಂಚಿನ ಹುಡುಗ ಓಡಿದನೇ, ನಡೆದನೇ ಎಂಬುದೂ ಕಾಣುತ್ತದೆ. ತರಬೇತುದಾರ ಅಲ್ಲಿಗೇ ಚಿತ್ರ ನಿಲ್ಲಿಸಿ, ಪ್ರತಿ ಸರದಿಗೂ ಅಂಕ ಹಾಕುತ್ತಾ ಹೋಗುತ್ತಾನೆ.